ಬಲಗಾಲಿಟ್ಟು ಅಟ್ಟಕ್ಕೆ

ಹತ್ತಿದ ಏಣಿ ಒದೆಯಬಾರದು ಅಂತಾರೆ. ನನ್ನನ್ನು ಏಣಿಯೇ ಒದ್ದಿತು. ಅಟ್ಟದಿಂದ ಹಲಸಿನ ಹಪ್ಪಳದ ಡಬ್ಬ ಇಳಿಸುತ್ತಿದ್ದೆ. ನಯವಾದ ರೆಡ್ ಆಕ್ಸೈಡ್ ನೆಲದ ಮೇಲೆ ಏಣಿಯ ಬುಡ ಸರ್ರನೆ ಜಾರಿತು. ಮೊಣಕೈ ತರಚಿತು, ಅಷ್ಟೇ. ಹಪ್ಪಳ ಮಾತ್ರ ಪುಡಿಪುಡಿ. ನಾನಿಲ್ಲದಾಗ ಅಮ್ಮನೂ ಅದೇ ಏಣಿ ಹತ್ತುತ್ತಾರೆ ಅನ್ನುವುದು ನೆನಪಾಗಿ ಎದೆ ಝಲ್ಲೆಂದಿತು.

ಟೇಪ್ ಹಿಡಿದೆ. ನೆಲದಿಂದ ಅಟ್ಟಕ್ಕೆ 99 ಇಂಚು. ಮಾಮೂಲಿ ಮೆಟ್ಟಿಲಿಗೆ ಸುಮಾರು 11 ಅಡಿ ಉದ್ದದ ಜಾಗ ಬೇಕು. ನಮ್ಮ ನಡುಮನೆಯ ಮೂಲೆಯಲ್ಲಿ ಇದ್ದದ್ದು 57 ಇಂಚು. ಅಷ್ಟರಲ್ಲೇ 9 ಇಂಚು ಎತ್ತರದ 11 ಏರು ಕೂರಿಸಿದರೆ ಪಾದಕ್ಕೆ ಸಿಗುವುದು 6 ಇಂಚಿಗೂ ಕಡಿಮೆ. ಅದೂ ಏಣಿಯೇ ಆಯ್ತು, ಅಲ್ವಾ?

ಕೊನೆಗೆ ಮಾಡಿದ್ದು ಎಡ-ಬಲ ಮೆಟ್ಟಿಲು. ಹತ್ತುವಾಗ ಒಂದು ಮೆಟ್ಟಿಲಿಗೆ ನಾವು ಒಂದೇ ಕಾಲಿಡುತ್ತೇವೆ. ಉಳಿದರ್ಧ ಸುಮ್ನೆ ದಂಡ. ಆ ಅರ್ಧವನ್ನು ಒಂದು ಮೆಟ್ಟಿಲಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಕತ್ತರಿಸಿದರೆ ಕೆಳಗಿನ ಮೆಟ್ಟಿಲು ಆ ಕಡೆ ತೆರೆದುಕೊಳ್ಳುತ್ತದೆ. ಕಡಿದಾದರೂ ಕಾಲಿಗೆ 10 ಇಂಚು ಸಿಗುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿದೆ. ಆಚಾರಿ ನಕ್ಕರು. ಎರಡು ಮೆಟ್ಟಿಲು ಜೋಡಿಸಿ ಹತ್ತಿ ನೋಡಿದ ಮೇಲೆ ನಗು ನಿಲ್ಲಿಸಿದರು.

ಪಕ್ಕದ ಹಲಗೆಗಳಿಗೆ ಹಳೆಯ ಮತ್ತಿ ತೊಲೆ ಸೀಳಿಸಿದೆ. ಮೆಟ್ಟಿಲುಗಳನ್ನು ಆ ಹಲಗೆಗಳಲ್ಲಿ ಅರ್ಧ ಇಂಚು ಆಳಕ್ಕೆ ಕೊರೆದ ಸಾಲಿನೊಳಗೆ ಕೂರಿಸಿ ಸ್ಕ್ರೂ ಬಿಗಿಸಿದೆವು. ಬರೀ ಮೊಳೆಯ ಮೇಲೆ ಭಾರ ಬಿಡಬೇಡಿ. ಬುಡವನ್ನು ನೆಲಕ್ಕೆ, ತಲೆಯನ್ನು ತೊಲೆಗೆ ಬೋಲ್ಟ್ ಹಾಕಿದೆವು. ಎರಡೂ ಕಡೆ ಕೈಹಿಡಿ. ಅದು ಅಟ್ಟದ ಹಲಗೆಗಿಂತ ಮೂರಡಿ ಮೇಲಕ್ಕೂ ಇದೆ. ಭಯ ಆಗುವುದು ಹತ್ತುವಾಗ ಅಲ್ಲ, ಮೇಲಿನಿಂದ ಮೊದಲ ಕಾಲು ಇಳಿಸುವಾಗ. ಆಗ ಹಿಡಿಯಲು ಏನಾದರೂ ಬೇಕೇ ಬೇಕು.

ತಲೆ ತಾಗುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ ಅಟ್ಟದ ಬಾಯಿ ದೊಡ್ಡದು ಮಾಡಲು ಒಂದು ಜಂತೆ ಕತ್ತರಿಸಿ, ಅಡ್ಡತೊಲೆ ಕೊಡಿಸಬೇಕಾಯಿತು. ಜಾಸ್ತಿ ಖರ್ಚು ಆದದ್ದು ಅಲ್ಲೇ.

ಮೊದಲ ಮೆಟ್ಟಿಲು ಬಲಗಾಲಿಗೇ ಇರಬೇಕೆಂದು ಅಮ್ಮನ ಹಟ. ಹಾಗೇ ಮಾಡಿದೆವು. ಹನ್ನೊಂದನೆಯ ಏರು ಅಟ್ಟಕ್ಕೇ. ಮೆಟ್ಟಿಲು ಹತ್ತು ಇರುವುದರಿಂದ ಮೆಟ್ಟಿಲಿಗೆ ಬೆನ್ನು ಮಾಡಿ ಇಳಿಯುವಾಗಲೂ ಬಲಗಾಲಿನಿಂದಲೇ ಹೊರಡಬೇಕು. ಮೊದಲ ವಾರ ಎರಡು ಸಲ ತಪ್ಪಿದೆ. ಈಗ ಅಟ್ಟದ ಅಂಚಿನಲ್ಲಿ ಬಲಗಾಲಿನ ಗುರುತು ಬರೆದಿದ್ದೇನೆ, ಕೆಂಪು ಬಣ್ಣದಲ್ಲಿ.

ಅಡಿಕೆ ಮೂಟೆ ಹೊತ್ತು ಹತ್ತುವ ಮೆಟ್ಟಿಲು ಇದಲ್ಲ. ಅದಕ್ಕೆ ರಾಟೆ ಕಟ್ಟಿದ್ದೇವೆ. ಅಮ್ಮ ಈಗಲೂ ಮೆಟ್ಟಿಲಿಗೆ ಮುಖ ಮಾಡಿಯೇ ಇಳಿಯುತ್ತಾರೆ. ಹಳೆ ಏಣಿಯನ್ನು ಕಾಳುಮೆಣಸು ಕೊಯ್ಯಲು ಬಂದವರು ಕೇಳಿ ತೆಗೆದುಕೊಂಡು ಹೋದರು.