ಟೀಚರ್ ಆಗೋಕೆ ಹೋಗಿ ಸುಮ್ನೆ ಕೂತು ನೋಡೋದು ಕಲಿತೆ

ಪುಟ್ಟ ಮಕ್ಕಳ ಟೀಚರ್ ತರಬೇತಿ ಅಂದರೆ ಹಾಡು, ಕಥೆ, ಬಣ್ಣದ ಕಾಗದ ಇಷ್ಟೇ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಅವೆಲ್ಲ ಇದ್ದವು. ಆದರೆ ಕ್ಲಾಸಿಗೆ ಕಳಿಸಿದಾಗ ನಮಗೆ ಕೊಟ್ಟ ಮೊದಲ ಕೆಲಸ, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಬಾಯಿ ಮುಚ್ಚಿ ಒಂದೇ ಮಗುವನ್ನು ನೋಡುವುದು, ಕಂಡದ್ದನ್ನು ಬರೆಯುವುದು.

ಬರೆಯೋಕೂ ನಿಯಮ ಇತ್ತು. ‘ಹಠ ಮಾಡಿತು’, ‘ಬೇಜಾರಾಗಿತ್ತು’ ಅಂತ ಬರೆಯುವ ಹಾಗಿಲ್ಲ. ‘ಬ್ಲಾಕ್ ಕೆಳಗಿಟ್ಟಿತು, ಬಾಗಿಲ ಕಡೆ ನೋಡಿತು, ಮತ್ತೆ ಎತ್ತಿಕೊಂಡಿತು’ ಅಂತ ಬರೆಯಬೇಕು. ಹಠ ಅನ್ನೋದು ನಮ್ಮ ಊಹೆ, ಬಾಗಿಲ ಕಡೆ ನೋಡಿದ್ದು ನಿಜ. ಹೀಗೆ ಬರೆಯುತ್ತಾ ಹೋದ ಮೇಲೆ ಥಿಯರಿ ಕ್ಲಾಸಿನ ಪಾಠವೂ ತಲೆಗೆ ಹತ್ತಿತು. ಎರಡು ಮಕ್ಕಳು ಒಂದೇ ಮರಳಿನಲ್ಲಿ ಪಕ್ಕಪಕ್ಕ ಕೂತು, ಒಂದು ಮಾತೂ ಆಡದೆ ತಮ್ಮ ಪಾಡಿಗೆ ತಾವು ಗುಡ್ಡ ಕಟ್ಟುತ್ತಿದ್ದವು. ಮಿಲ್ಡ್ರೆಡ್ ಪಾರ್ಟನ್ ಅನ್ನೋ ಸಂಶೋಧಕಿ 1932ರಲ್ಲಿ ಮಕ್ಕಳ ಆಟವನ್ನು ವಿಂಗಡಿಸಿದಾಗ ಇದನ್ನೂ ಆಟದ ಒಂದು ಬಗೆ ಅಂತಲೇ ಗುರುತಿಸಿದ್ದರು. ಅದನ್ನು ತಿಳಿದವರು ‘ಸೇರಿ ಆಡಿ’ ಅಂತ ಮಧ್ಯೆ ಬಾಯಿ ಹಾಕಲ್ಲ.

ನಾನು ಮಾಡಿದ್ದು ಮಾಂಟೆಸರಿ ತರಬೇತಿ. ಮರಿಯಾ ಮಾಂಟೆಸರಿ ಮೂಲತಃ ಡಾಕ್ಟರ್. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ ಅನ್ನೋ ತಮ್ಮ ಮೊದಲ ಶಾಲೆ ತೆರೆದರು. ಅಲ್ಲಿಂದ ಬೆಳೆದ ಸಾಮಾನುಗಳೇ ನಮ್ಮ ಪಾಠ. ಗುಲಾಬಿ ಗೋಪುರದಲ್ಲಿ ಹತ್ತು ಘನಗಳು, ತೀರಾ ಚಿಕ್ಕದರ ಬದಿ 1 ಸೆಂಟಿಮೀಟರ್, ದೊಡ್ಡದು 10. ಒಂದೊಂದನ್ನೇ ಶೆಲ್ಫಿನಿಂದ ಚಾಪೆಗೆ ತರಬೇಕು. ಒಟ್ಟಿಗೆ ತಂದರೆ ಬೇಗ ಆಗುತ್ತಿತ್ತು, ಆದರೆ ಆ ಓಡಾಟವೂ ಮಗುವಿಗೆ ಬೇಕಾದ ಕೆಲಸ. ಇನ್ನೊಂದು ಸಾಮಾನು ಮರದ ಸಿಲಿಂಡರುಗಳು, ಅವುಗಳ ತಲೆಯ ಮೇಲೆ ಪುಟ್ಟ ಹಿಡಿ ಇರುತ್ತದೆ. ಅದನ್ನು ಮೂರು ಬೆರಳಲ್ಲಿ ಹಿಡಿದು ಎತ್ತಬೇಕು. ಮುಂದೆ ಪೆನ್ಸಿಲ್ ಹಿಡಿಯೋದೂ ಅದೇ ಬೆರಳುಗಳಲ್ಲಿ ಅಲ್ವಾ?

ಹೆಸರು ಕಲಿಸೋದು ಮೂರು ಹಂತದಲ್ಲಿ. ಈ ಕ್ರಮ ಫ್ರೆಂಚ್ ಡಾಕ್ಟರ್ ಸೆಗ್ವಾನ್ ಅವರದು. ಮೊದಲು ‘ಇದು ದೊಡ್ಡದು, ಇದು ಚಿಕ್ಕದು’ ಅಂತ ತೋರಿಸುವುದು. ಆಮೇಲೆ ‘ದೊಡ್ಡದು ಕೊಡು’, ‘ಚಿಕ್ಕದು ನನ್ನ ಕೈಲಿಡು’ ಅಂತ ಆಡಿಸುವುದು. ಕೊನೆಗೆ ‘ಇದು ಯಾವುದು?’ ಅಂತ ಕೇಳುವುದು. ಎರಡನೇ ಹಂತದಲ್ಲಿ ಮಗು ತಡವರಿಸಿದರೆ ‘ತಪ್ಪು’ ಅನ್ನುವುದಿಲ್ಲ. ನಗುತ್ತಲೇ ಸಾಮಾನು ಎತ್ತಿಟ್ಟು ಇನ್ನೊಂದು ದಿನ ಮತ್ತೆ ಶುರು. ನಾವು ಒಬ್ಬರಿಗೊಬ್ಬರು ಮಗುವಾಗಿ ಕೂತು ಇದನ್ನು ಅಭ್ಯಾಸ ಮಾಡುತ್ತಿದ್ದೆವು. ಕೆಲವರು ಬೇಕಂತಲೇ ತುಂಟ ಮಗು ಆಗುತ್ತಿದ್ದರು. ಅಂಥವರ ಜೊತೆ ಅಭ್ಯಾಸ ಮಾಡಿದ್ದೇ ಆಮೇಲೆ ಕೆಲಸಕ್ಕೆ ಬಂತು.

ಪ್ರತಿ ಸಾಮಾನಿಗೂ ಚಿತ್ರ ಬರೆದು, ಹಂತ ಹಂತವಾಗಿ ವಿವರಿಸಿ ಆಲ್ಬಂ ತಯಾರಿಸಬೇಕು. ಬೇಸರದ ಕೆಲಸ, ನಿದ್ದೆಯನ್ನೂ ತಿನ್ನುತ್ತದೆ. ಆದರೂ ಇನ್ನೊಬ್ಬರದನ್ನು ನಕಲು ಮಾಡಬೇಡಿ. ಪಾಠ ಮಾಡುವ ಹಿಂದಿನ ರಾತ್ರಿ ತಿರುವಿ ನೋಡೋದು ಅದನ್ನೇ.

ಅಳುವ ಮಕ್ಕಳ ವಿಷಯ ಪುಸ್ತಕದಿಂದ ಬರಲಿಲ್ಲ, ಹಿರಿಯ ಟೀಚರ್ ಒಬ್ಬರನ್ನು ನೋಡಿ ಕಲಿತೆ. ಮಗುವಿನ ಕಣ್ಣು ತಪ್ಪಿಸಿ ಹೊರಡೋಕೆ ಅವರು ಅಮ್ಮಂದಿರನ್ನು ಬಿಡುತ್ತಲೇ ಇರಲಿಲ್ಲ. ‘ಹೇಳಿಯೇ ಹೋಗಿ, ಊಟ ಆದ ಮೇಲೆ ಬರ್ತೀನಿ ಅನ್ನಿ, ಹಾಗೇ ಬನ್ನಿ’ ಅನ್ನುತ್ತಿದ್ದರು. ಮಗು ಆಗಲೂ ಅಳುತ್ತಿತ್ತು. ಅವರು ನೆಲದ ಮೇಲೆ ಕೂತು, ‘ಅಮ್ಮ ಹೋದ್ರು, ನಿಂಗೆ ಅಳು ಬರ್ತಿದೆ’ ಅಂತಷ್ಟೇ ಹೇಳಿ ಪಕ್ಕದಲ್ಲೇ ಇರುತ್ತಿದ್ದರು. ‘ಅಳಬಾರದು’ ಅಂದದ್ದು ನಾನು ಕೇಳಲೇ ಇಲ್ಲ.

ಈ ದಾರಿಗೆ ಬರುವವರು ಕೋರ್ಸಿನ ಹೆಸರು, ಫೀಸು ವಿಚಾರಿಸುವಾಗ ಇನ್ನೊಂದನ್ನೂ ಕೇಳಿ: ನಿಜವಾದ ಮಕ್ಕಳ ಜೊತೆ ಎಷ್ಟು ಗಂಟೆ ಇರಿಸುತ್ತಾರೆ, ಆಗ ನಮ್ಮನ್ನು ನೋಡಿ ತಿದ್ದುವವರು ಯಾರು? ಇದಕ್ಕೆ ಸರಿಯಾದ ಉತ್ತರ ಕೊಡದ ಕಡೆ ನಾನಾದರೆ ದುಡ್ಡು ಕಟ್ಟಲ್ಲ.