ತೋಟದ ಮಣ್ಣಿನಿಂದ ಮನೆಯ ಬ್ಲಾಕು: ಕೊಡಗಿನ ಮಳೆಗೆ ನಿಲ್ಲುವಂತೆ ಮಾಡುವುದು ಹೇಗೆ?

ಕೊಡಗಿನಲ್ಲಿ ಮಡ್ ಬ್ಲಾಕ್ ಮನೆ ಕಟ್ಟಬೇಕು ಎನ್ನುವವರು ಈಗ ಜಾಸ್ತಿ. ಮಡ್ ಬ್ಲಾಕ್ ಎಂದರೆ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಮೆಷಿನ್ನಿನ ಅಚ್ಚಿನಲ್ಲಿ ಒತ್ತಿ ಮಾಡುವ, ಸುಡದ ಬ್ಲಾಕು. ಹೋಂಸ್ಟೇ ಮಾಡುವವರು, ತೋಟದ ಆಳುಗಳ ಹಳೇ ಲೈನ್ ಮನೆ ಕೆಡವಿ ಹೊಸದು ಕಟ್ಟಿಸುವವರು, ಬೆಂಗಳೂರು ಬಿಟ್ಟು ತೋಟಕ್ಕೆ ವಾಪಸ್ ಬಂದವರು, ಎಲ್ಲರೂ ವಿಚಾರಿಸುತ್ತಾರೆ. ಆದರೆ ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲು ಮೆಷಿನ್ ತರಿಸುತ್ತಾರೆ. ಆಮೇಲೆ ಜೆಸಿಬಿ ಅಗೆದು ಹಾಕಿದ ಮಣ್ಣು ಯಾವುದಿದೆಯೋ ಅದನ್ನೇ ತುಂಬುತ್ತಾರೆ. ಬ್ಲಾಕಿನ ಮೂಲೆ ಉದುರಿದರೆ ಸಿಮೆಂಟು ಜಾಸ್ತಿ ಮಾಡುತ್ತಾರೆ. ಶೇ 7 ಇದ್ದದ್ದು 10 ಆಗುತ್ತದೆ, 12 ಆಗುತ್ತದೆ. ಅಷ್ಟು ಸಿಮೆಂಟು ಹಾಕುವುದಾದರೆ ಮಣ್ಣಿನ ಬ್ಲಾಕು ಯಾಕೆ ಬೇಕಿತ್ತು?

ಸಿಮೆಂಟು ಮಾಡಲು ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಉರಿಸಿದ ಕಲ್ಲಿದ್ದಲಿನಿಂದ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದರ ಜೊತೆಗೆ ಕಲ್ಲಿನ ಒಳಗಿದ್ದದ್ದೂ ಹೊರಗೆ ಬರುತ್ತದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಈ ಅನಿಲದಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದ್ದೇ. ಸುಟ್ಟ ಇಟ್ಟಿಗೆಗೂ 900-1000 ಡಿಗ್ರಿಯ ಗೂಡು ಬೇಕು. ಮಣ್ಣಿನ ಬ್ಲಾಕನ್ನು ಸುಡುವುದೇ ಇಲ್ಲ. ಹಾಗಾಗಿ ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಶೇ 60ರಿಂದ 70ರಷ್ಟು ಇಂಧನ ಉಳಿಯುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಲೆಕ್ಕ ಹಾಕಿದ್ದಾರೆ. ಅಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಈ ಉಳಿತಾಯವೆಲ್ಲ ಸಿಮೆಂಟು ಕಡಿಮೆ ಇದ್ದಾಗ ಮಾತ್ರ. ಸಿಮೆಂಟು ಕಡಿಮೆ ಇರಬೇಕಾದರೆ ಮಣ್ಣು ಸರಿ ಇರಬೇಕು. ಮಣ್ಣು ಸರಿ ಇದೆಯಾ ಇಲ್ಲವಾ ಎಂದು ನೋಡುವ ಕೈಕೆಲಸ ಗೊತ್ತಿರಬೇಕು.

ಮೊದಲು ತಿಂಗಳು ನೋಡಿ

ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಳೂ ಸಿಗುವುದಿಲ್ಲ, ಕಣವೂ ಖಾಲಿ ಇರುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ. ಜೂನ್ ಬಂತೆಂದರೆ ಮುಗಿಯಿತು. ಈ ಸಂದಿಯಲ್ಲಿ ಬ್ಲಾಕು ಮಾಡಿ, ಒಣಗಿಸಿ, ಗೋಡೆ ಎಬ್ಬಿಸಿ, ಮಾಡು (ಛಾವಣಿ) ಹಾಕುವುದು ಆಗದ ಕೆಲಸ. ಹಠ ಹಿಡಿದವರು ಹಸಿ ಬ್ಲಾಕಿನಲ್ಲೇ ಗೋಡೆ ಕಟ್ಟುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಬಿರುಕು. ನನ್ನ ಸಲಹೆ ಖಚಿತ: ಎರಡು ಬೇಸಿಗೆ ಇಟ್ಟುಕೊಳ್ಳಿ. ಈ ವರ್ಷ ಬ್ಲಾಕು ಮಾಡಿ ಶೆಡ್ಡಿನೊಳಗೆ ಜೋಡಿಸಿಡಿ. ಮುಂದಿನ ವರ್ಷ ಗೋಡೆ ಮತ್ತು ಮಾಡು.

ಮಣ್ಣು ಎಲ್ಲಿಂದ ತೆಗೆಯಬೇಕು

ಮಣ್ಣಿಗಾಗಿ ಬರೆ (ಗುಡ್ಡದ ಇಳಿಜಾರು) ಕಡಿಯಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಹೇಗೆ ಇಳಿದು ಬಂತು ಎಂದು ನಾವೆಲ್ಲ ನೋಡಿದ್ದೇವೆ. ಇಳಿಜಾರಿನ ಬುಡ ಕೊರೆದು ಕಟ್ಟಿದ ಮನೆ ಯಾವ ಬ್ಲಾಕಿನಲ್ಲಿ ಕಟ್ಟಿದರೂ ಒಳ್ಳೆಯ ಮನೆ ಅಲ್ಲ. ಪಾಯ ತೆಗೆದ ಮಣ್ಣು, ಮಳೆನೀರಿನ ಹೊಂಡದ ಮಣ್ಣು, ಶೌಚದ ಗುಂಡಿಯ ಮಣ್ಣು, ಮೊದಲು ಇವನ್ನು ಪರೀಕ್ಷಿಸಿ.

ಮೇಲಿನ ಎರಡು ಅಡಿ ಮಣ್ಣು ಬೇಡವೇ ಬೇಡ. ಕಾಫಿ ತೋಟದಲ್ಲಿ ಅದು ಎಲೆ ಕೊಳೆತು ಆದ ಕಪ್ಪು ಮಣ್ಣು. ಸಿಮೆಂಟು ಅದರಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದನ್ನು ಬೇರೆ ತೆಗೆದಿಟ್ಟು ನರ್ಸರಿ ಚೀಲಕ್ಕೆ ತುಂಬಿ, ಗಿಡಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಅದರ ಕೆಳಗಿನ ಕೆಂಪು ಮಣ್ಣು ನಮಗೆ ಬೇಕಾದದ್ದು. ಇನ್ನೂ ಆಳಕ್ಕೆ ಹೋಗಿ ಬಿಳಿ ಅಥವಾ ಹಳದಿ ಬಣ್ಣದ, ಅಭ್ರಕ ಮಿನುಗುವ, ಪೌಡರಿನ ಹಾಗೆ ನುಣುಪಾದ ಮಣ್ಣು ಬಂತೋ, ಅಲ್ಲಿಗೆ ನಿಲ್ಲಿಸಿ.

ಪರೀಕ್ಷೆ: ಇಲ್ಲಿ ಅವಸರ ಮಾಡಬೇಡಿ

ಒಳ್ಳೆಯ ಬ್ಲಾಕಿಗೆ ಮರಳು ಮತ್ತು ಸಣ್ಣ ಜಲ್ಲಿ ಸೇರಿ ಮುಕ್ಕಾಲು ಭಾಗದ ಹತ್ತಿರ ಇರಬೇಕು. ಜೇಡಿ ಶೇ 15ರ ಆಸುಪಾಸು ಸಾಕು. ಜೇಡಿ ತೀರಾ ಕಡಿಮೆಯಾದರೆ ಅಚ್ಚಿನಿಂದ ತೆಗೆಯುವಾಗಲೇ ಮೂಲೆ ಮುರಿಯುತ್ತದೆ. ಜಾಸ್ತಿಯಾದರೆ ಒಣಗುವಾಗ ಕುಗ್ಗಿ ಸೀಳುತ್ತದೆ, ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿಯೇ ಜಾಸ್ತಿ.

ಮೊದಲು ಮೂಗು. ಒಂದು ಹಿಡಿ ಮಣ್ಣು ಒದ್ದೆ ಮಾಡಿ ಮೂಸಿ ನೋಡಿ. ಕೊಳೆತ ಎಲೆಯ ವಾಸನೆ ಬಂದರೆ ಬಿಟ್ಟುಬಿಡಿ. ಆಮೇಲೆ ಕೈ. ಒದ್ದೆ ಮಣ್ಣನ್ನು ಅಂಗೈಗೆ ಹಚ್ಚಿ ತೊಳೆಯಿರಿ. ನೀರು ಬಿಟ್ಟ ಕೂಡಲೇ ಹೋದರೆ ಮರಳು ಮತ್ತು ಹೂಳು. ಉಜ್ಜಿ ಉಜ್ಜಿ ತೊಳೆಯಬೇಕಾಗಿ ಬಂದರೆ ಜೇಡಿ.

ಇನ್ನು ಬಾಟಲಿ. ಉಪ್ಪಿನಕಾಯಿ ಹಾಕುವಂಥ, ಬಾಯಿ ಅಗಲದ ಗಾಜಿನ ಬಾಟಲಿ ತೆಗೆದುಕೊಳ್ಳಿ. ಕಾಲು ಭಾಗ ಮಣ್ಣು, ಮೇಲಿಂದ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ. ಇಲ್ಲಿಗೇ ಬಿಡುವವರು ತಪ್ಪು ಲೆಕ್ಕ ಪಡೆಯುತ್ತಾರೆ. ನಮ್ಮ ಕೆಂಪು ಮಣ್ಣಿನ ಜೇಡಿ ಸಣ್ಣ ಸಣ್ಣ ಉಂಡೆಯಾಗಿ ಇರುತ್ತದೆ, ಮರಳಿನ ಹಾಗೆ ಕಾಣುತ್ತದೆ. ಒಂದು ಗಂಟೆ ನೆನೆಯಲು ಬಿಟ್ಟು ಮತ್ತೊಮ್ಮೆ ಜೋರಾಗಿ ಕುಲುಕಿ, ಸಮತಟ್ಟಾದ ಜಾಗದಲ್ಲಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕುಳಿತದ್ದು ಜಲ್ಲಿ ಮತ್ತು ಮರಳು. ಪೆನ್ನಿನಲ್ಲಿ ಗೆರೆ ಹಾಕಿ. ಅರ್ಧ ಗಂಟೆಗೆ ಕುಳಿತದ್ದು ಹೂಳು. ಇನ್ನೊಂದು ಗೆರೆ. ಜೇಡಿ ಕೂರಲು ಮರುದಿನದವರೆಗೆ ಕಾಯಬೇಕು. ಮೂರು ಪದರವನ್ನೂ ಸ್ಕೇಲಿನಲ್ಲಿ ಅಳೆಯಿರಿ. ಜೇಡಿಯ ಪದರ ನೀರು ಕುಡಿದು ಸಡಿಲವಾಗಿ ಇರುವುದರಿಂದ ನಿಜಕ್ಕಿಂತ ಸ್ವಲ್ಪ ದಪ್ಪ ಕಾಣುತ್ತದೆ, ಅದು ತಲೆಯಲ್ಲಿರಲಿ.

ಬಾಟಲಿ ಸಾಲದು. ಕುಗ್ಗುವಿಕೆಯನ್ನೂ ನೋಡಲೇಬೇಕು. ಒಳಗೆ 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಮರದ ಪೆಟ್ಟಿಗೆಯನ್ನು ಆಚಾರಿಯಿಂದ ಮಾಡಿಸಿ. ಒಳಗೆ ಎಣ್ಣೆ ಹಚ್ಚಿ. ಒದ್ದೆ ಮಣ್ಣನ್ನು ಗಾಳಿ ಉಳಿಯದ ಹಾಗೆ ತುಂಬಿ, ವಾರ ಕಾಲ ನೆರಳಿನಲ್ಲಿಡಿ. ಒಣಗಿದ ಮೇಲೆ ಮಣ್ಣನ್ನು ಒಂದು ಬದಿಗೆ ಸರಿಸಿ, ಉಳಿದ ಖಾಲಿ ಜಾಗ ಅಳೆಯಿರಿ. 3 ಸೆಂ.ಮೀ. ದಾಟಿದರೆ ಆ ಮಣ್ಣನ್ನು ಹಾಗೇ ಬಳಸಬೇಡಿ.

ಹಾಗೆಂದು ಎಸೆಯಬೇಕಿಲ್ಲ. ಇಲ್ಲಿ ಜನ ಸಿಮೆಂಟಿಗೆ ಕೈ ಹಾಕುತ್ತಾರೆ. ಹಾಕಬೇಕಾದದ್ದು ಮರಳು. ಜೇಡಿ ಶೇ 30 ಇದೆಯಾ? ಒಂದು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ಮರಳು ಬೆರೆಸಿ, 15ಕ್ಕೆ ಇಳಿಯುತ್ತದೆ. ಹೊಳೆ ಮರಳು ಬೇಕಿಲ್ಲ. ಕ್ರಷರಿನ ಕಲ್ಲುಪುಡಿ ಅಗ್ಗವೂ ಹೌದು, ಹೊಳೆಗೂ ಕ್ಷೇಮ. ಬೆರೆಸಿದ ಮೇಲೆ ಪೆಟ್ಟಿಗೆ ಪರೀಕ್ಷೆ ಮತ್ತೆ ಮಾಡಿ. ಗುಂಡಿ ಬದಲಾದಾಗಲೆಲ್ಲ ಮಾಡಿ. ನಮ್ಮಲ್ಲಿ ಒಂದೇ ತೋಟದ ಎರಡು ಬದಿಯ ಮಣ್ಣು ಬೇರೆ ಬೇರೆ ಇರುತ್ತದೆ.

ಒಂದು ಎಚ್ಚರಿಕೆ. ಕ್ಯಾನಿನಲ್ಲಿ ಮಾರುವ "ಮಣ್ಣು ಗಟ್ಟಿ ಮಾಡುವ" ದ್ರಾವಣವನ್ನು ಬ್ಲಾಕಿನ ಪರೀಕ್ಷಾ ವರದಿ ತೋರಿಸದ ಹೊರತು ಕೊಳ್ಳಬೇಡಿ. ರಸ್ತೆಗೆ ಹಾಕಿದ್ದು ತೋರಿಸಿದರೆ ಅದು ಉತ್ತರವಲ್ಲ. ಹಾಗೆಯೇ ಕೆಂಪು ಬಣ್ಣ ಕಲಸಿದ ಸಿಮೆಂಟ್ ಬ್ಲಾಕನ್ನು ಮಡ್ ಬ್ಲಾಕ್ ಎಂದು ಮಾರುವುದೂ ಉಂಟು. ಒಂದನ್ನು ಒಡೆದು ಒಳಗೆ ನೋಡಿ.

ಕಲಸುವುದು ಮತ್ತು ತೇವ

ಮಣ್ಣನ್ನು 5 ಮಿ.ಮೀ. ಜರಡಿಯಲ್ಲಿ ಜರಡಿ ಹಿಡಿಯಿರಿ. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟು ತನ್ನಿ. ಅದರಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಇರುತ್ತದೆ, ಅಷ್ಟರಮಟ್ಟಿಗೆ ಸುಟ್ಟ ಸುಣ್ಣದ ಕಲ್ಲು ಕಡಿಮೆ.

ಅಳತೆ ತೂಕದಲ್ಲೇ ಆಗಲಿ. ಕಾಫಿ ತೂಗುವ ತಕ್ಕಡಿ ಎಲ್ಲರ ಮನೆಯಲ್ಲೂ ಇದೆ ಅಲ್ವಾ? 230 x 190 x 100 ಮಿ.ಮೀ. ಅಳತೆಯ ಬ್ಲಾಕಿಗೆ ಒಣ ಲೆಕ್ಕದಲ್ಲಿ ಎಂಟು ಕೆ.ಜಿ.ಗೆ ಒಂದಿಷ್ಟು ಕಡಿಮೆ ಬೇಕು. ಶೇ 7 ಸಿಮೆಂಟಿನಲ್ಲಿ ಒಂದು ಮೂಟೆಗೆ ಸುಮಾರು 95 ಬ್ಲಾಕು ಬರುತ್ತದೆ. ಶೇ 12 ಹಾಕಿದರೆ 60 ಕೂಡ ದಾಟುವುದಿಲ್ಲ. ದುಡ್ಡಿನ ಲೆಕ್ಕವೂ ಇಂಗಾಲದ ಲೆಕ್ಕವೂ ಇಲ್ಲಿ ಒಂದೇ.

ಸಿಮೆಂಟನ್ನು ಒಣ ಮಣ್ಣಿನ ಜೊತೆ ಬಣ್ಣ ಒಂದಾಗುವವರೆಗೆ ಮಗುಚಿ. ಆಮೇಲೆ ನೀರು. ಪೈಪಿನಲ್ಲಿ ಬಿಡಬೇಡಿ, ಗಿಡಕ್ಕೆ ನೀರು ಹಾಕುವ ಕ್ಯಾನಿನಲ್ಲಿ ಚಿಮುಕಿಸಿ. ನೀರು ಬಿದ್ದ ಗಳಿಗೆಯಿಂದ ಅರ್ಧ ಗಂಟೆಯೊಳಗೆ ಆ ಮಿಶ್ರಣ ಮುಗಿಯಬೇಕು. ಅಷ್ಟು ಹೊತ್ತಿನಲ್ಲಿ 25 ಬ್ಲಾಕು ಒತ್ತುವ ತಂಡ ನಿಮ್ಮದಾದರೆ, ಒಂದು ಸಲಕ್ಕೆ ಸುಮಾರು 185 ಕೆ.ಜಿ. ಮಣ್ಣು, 13 ಕೆ.ಜಿ. ಸಿಮೆಂಟು ಮಾತ್ರ ಕಲಸಿ. ಬೆಳಿಗ್ಗೆ ಒಂದು ದೊಡ್ಡ ರಾಶಿ ಕಲಸಿಟ್ಟು ಊಟದವರೆಗೆ ಒತ್ತುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಆ ರಾಶಿಯ ಕೊನೆಯ ಬ್ಲಾಕುಗಳಲ್ಲಿ ಸಿಮೆಂಟು ಇದ್ದೂ ಇಲ್ಲದ ಹಾಗೆ.

ತೇವ ಸರಿ ಇದೆಯಾ ಎಂದು ತಿಳಿಯಲು ಮೆಷಿನ್ ಬೇಡ. ಒಂದು ಹಿಡಿ ಮಿಶ್ರಣವನ್ನು ಬಿಗಿಯಾಗಿ ಉಂಡೆ ಕಟ್ಟಿ, ಎದೆಯ ಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಸಾಲದು. ತಟ್ಟೆಯ ಹಾಗೆ ಚಪ್ಪಟೆಯಾಗಿ ಒಂದೇ ತುಂಡಾಗಿ ಕೂತರೆ ನೀರು ಜಾಸ್ತಿ. ಮೂರ್ನಾಲ್ಕು ತುಂಡಾದರೆ ಸರಿ. ಪ್ರತಿ ಸಲ ಕಲಸಿದಾಗಲೂ ಮಾಡಿ. ಬೆಳಗಿನ ಮಂಜು ಹೀರಿದ ಮಣ್ಣಿಗೂ ಮಧ್ಯಾಹ್ನದ ಒಣ ಮಣ್ಣಿಗೂ ಒಂದೇ ಅಳತೆಯ ನೀರು ಆಗುವುದಿಲ್ಲ. ಈ ಕೆಲಸಕ್ಕೆ ಒಬ್ಬರನ್ನೇ ಗೊತ್ತು ಮಾಡಿ. ಆ ಕೈಗೆ ಅಂದಾಜು ಬರುತ್ತದೆ. ಆ ಅಂದಾಜಿಗೆ ಕೂಲಿ ಸ್ವಲ್ಪ ಜಾಸ್ತಿ ಕೊಡಬೇಕು, ಕೊಡಿ.

ಒತ್ತುವುದು

ಪ್ರತಿ ಬ್ಲಾಕಿಗೂ ಮಿಶ್ರಣವನ್ನು ತೂಗಿಯೇ ಅಚ್ಚಿಗೆ ಹಾಕಿ, ಮೂಲೆಗಳನ್ನು ಕೈಯಿಂದ ಒತ್ತಿ ತುಂಬಿ, ಮುಚ್ಚಿ, ಸನ್ನೆ ಎಳೆಯಿರಿ. ಅಷ್ಟೇ. ಬ್ಲಾಕಿಗೆ ಇಷ್ಟು ಎಂದು ಗುತ್ತಿಗೆ ಮಾತ್ರ ಕೊಡಬೇಡಿ. ಮಣ್ಣು ಕಡಿಮೆ ಹಾಕಿದರೆ ಸನ್ನೆ ಹಗುರ, ಎಣಿಕೆ ಜಾಸ್ತಿ. ಗುತ್ತಿಗೆ ಕೊಟ್ಟರೆ ಹಾಗೇ ಆಗುತ್ತದೆ. ದಿನಗೂಲಿಯೇ ಸರಿ.

ನೀರುಣಿಸುವುದು

ಮೊದಲ ಎರಡು ದಿನ ಪ್ಲಾಸ್ಟಿಕ್ ಹಾಳೆ ಹೊದಿಸಿ ನೆರಳಿನಲ್ಲಿ. ಬಿಸಿಲಿಗೆ ಒಣಗಿಸುವುದಲ್ಲ ಇದು, ಇಟ್ಟಿಗೆ ಮಾಡಿ ಅಭ್ಯಾಸ ಇರುವವರಿಗೆ ಒತ್ತಿ ಹೇಳಿ. ಆಮೇಲೆ ಐದಾರು ಸಾಲಿಗಿಂತ ಎತ್ತರ ಪೇರಿಸದೆ, ಗೋಣಿಚೀಲ ಅಥವಾ ಒಣಹುಲ್ಲು ಹೊದಿಸಿ, 28 ದಿನ ಒಣಗಲು ಬಿಡದಂತೆ ನೀರು ಚಿಮುಕಿಸಿ. ಪಿಪಿಸಿ ಸಿಮೆಂಟು ನಿಧಾನ, ಚಳಿಗೆ ಇನ್ನೂ ನಿಧಾನ. ಹದಿನೈದು ದಿನಕ್ಕೇ ಗಟ್ಟಿ ಕಂಡಿತು ಎಂದು ನಿಲ್ಲಿಸಿದರೆ ಮತ್ತೆ ನಷ್ಟ ನಿಮಗೇ.

28 ದಿನ ಕಳೆದ ಮೇಲೆ ಎರಡು ಮೂರು ಬ್ಲಾಕುಗಳನ್ನು ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಡಿ. ತೆಗೆದು ಮೊಳೆಯಿಂದ ಗೀರಿ. ಬೆಣ್ಣೆಯ ಹಾಗೆ ಹೋದರೆ ಗೋಡೆಗೆ ಬೇಡ. ಒಣಗಿದ ಬ್ಲಾಕು ಎಲ್ಲವೂ ಗಟ್ಟಿಯೇ, ನಮಗೆ ಬೇಕಾದದ್ದು ಒದ್ದೆಯಾದಾಗಿನ ಶಕ್ತಿ. ಈ ಬ್ಲಾಕಿಗೆ ಐಎಸ್ 1725 ಎಂಬ ಮಾನದಂಡ ಇದೆ, 2013ರಲ್ಲಿ ಪರಿಷ್ಕರಿಸಿದ್ದು. ಕೆಲವು ಬ್ಲಾಕುಗಳನ್ನು ಆ ಪ್ರಕಾರ ಪರೀಕ್ಷೆ ಮಾಡಿಸಿ. ಪೊನ್ನಂಪೇಟೆ, ಕುಶಾಲನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಸಿವಿಲ್ ವಿಭಾಗದಲ್ಲಿ ವಿಚಾರಿಸಿ.

ಹೋಂಸ್ಟೇಯವರು ಹಸಿರು ಕಟ್ಟಡದ ಸರ್ಟಿಫಿಕೇಟ್ ಬಗ್ಗೆ ಕೇಳುತ್ತಾರೆ. ಹಸಿರು ಕಟ್ಟಡಗಳಿಗೆ ಕೊಡುವ 'ಗೃಹ' (GRIHA) ರೇಟಿಂಗ್‌ನಲ್ಲಿ ಸಣ್ಣ ಕಟ್ಟಡಗಳಿಗೆಂದೇ 'ಸ್ವಗೃಹ' (SVAGRIHA) ಇದೆ. ಮನೆಗಳಲ್ಲಿ ಇಂಧನ ಉಳಿಸಲು ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯ ಮೊದಲ ಭಾಗ ಗೋಡೆ, ಕಿಟಕಿ, ಮಾಡಿನ ಮೂಲಕ ಬರುವ ಶಾಖ, ಗಾಳಿ, ಬೆಳಕಿನ ಲೆಕ್ಕ. ಗೋಡೆ ಮಾಡಲು ಎಷ್ಟು ಇಂಧನ ಸುಟ್ಟಿರಿ ಎಂದು ಅದು ಕೇಳುವುದಿಲ್ಲ. ಆ ಲೆಕ್ಕ ನಿಮ್ಮ ಸಿಮೆಂಟ್ ಮೂಟೆಯಲ್ಲೇ ಇದೆ, ಬರೆದಿಡಿ.

ಗೋಡೆ ಮತ್ತು ಮಾಡು

ಪಾಯದ ಮೇಲೆ ಎರಡು ಅಡಿ ಕಲ್ಲುಕಟ್ಟಡ ಬಂದ ಮೇಲೆಯೇ ಮೊದಲ ಬ್ಲಾಕು. ಸೂರು ಮೂರು ಅಡಿ ಹೊರಗೆ ಚಾಚಿರಲಿ. ನಮ್ಮ ಐನ್‌ಮನೆಗಳ (ಕೊಡವರ ಕುಟುಂಬದ ಮೂಲಮನೆ) ಮಣ್ಣಿನ ಗೋಡೆಗಳನ್ನು ಕಾಪಾಡಿದ್ದು ಎತ್ತರದ ಜಗಲಿ, ಅಗಲದ ಸೂರು. ಗಾರೆಗೆ ಒಂದು ಪಾಲು ಸಿಮೆಂಟು, ಎರಡು ಮಣ್ಣು, ಆರು ಮರಳು. ಬ್ಲಾಕಿಗಿಂತ ಗಾರೆ ಗಟ್ಟಿ ಇರಬಾರದು, ಇದ್ದರೆ ಬಿರುಕು ಬ್ಲಾಕಿನೊಳಗೇ ಹೋಗುತ್ತದೆ. ಕಟ್ಟುವ ಮುಂಚೆ ಬ್ಲಾಕನ್ನು ಒದ್ದೆ ಮಾಡಿಕೊಳ್ಳಿ.

ಗಾರೆಯೇ ಬೇಡದ ಇಂಟರ್‌ಲಾಕ್ ಬ್ಲಾಕು ಬೇಗ ಏಳುತ್ತದೆ, ನಿಜ. ಆದರೆ ಭಾಗಮಂಡಲ, ನಾಪೋಕ್ಲು ಕಡೆಯ ಓರೆ ಮಳೆ ಆ ಸಂದುಗಳಲ್ಲಿ ಒಳಗೆ ಬರುತ್ತದೆ. ಹೊರಗೋಡೆಗೆ ನಾನು ಬೇಡ ಎನ್ನುತ್ತೇನೆ.

2022ರಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿದ್ದು ನೆನಪಿದೆ ಅಲ್ವಾ? ಬಾಗಿಲು, ಕಿಟಕಿಯ ಮೇಲಿನ ಲಿಂಟಲ್ ಮಟ್ಟದಲ್ಲಿ ಮನೆ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟ್ ಬೆಲ್ಟ್ ತಪ್ಪಿಸಬೇಡಿ. ಸಿಮೆಂಟು ಖರ್ಚು ಮಾಡಬೇಕಾದ ಜಾಗ ಇದು.

ಹೊರಗೆ ಪ್ಲಾಸ್ಟಿಕ್ ಪೇಂಟ್ ಹೊಡೆಯಬೇಡಿ, ಒಳಗಿನ ತೇವ ಹೊರಗೆ ಹೋಗಲಾರದೆ ಪದರ ಎದ್ದು ಬರುತ್ತದೆ. ಮಳೆ ಬಡಿಯುವ ಬದಿಗೆ ಸುಣ್ಣದ ಗಾರೆ ಬಳಿಸಿ, ಉಳಿದ ಕಡೆ ಬ್ಲಾಕು ಹಾಗೇ ಇರಲಿ. ಮಾಡಿಗೆ ಮಂಗಳೂರು ಹೆಂಚು ಸಾಕು, ಹಳೇ ಮನೆ ಕೆಡವಿದ ಹೆಂಚು ಸಿಕ್ಕರೆ ಇನ್ನೂ ಒಳ್ಳೆಯದು. ತಟ್ಟಿ ನೋಡಿ, ಟಣ್ ಎಂದರೆ ತೆಗೆದುಕೊಳ್ಳಿ.