ಬಿಡುವುದಾದರೆ ಬರೆದು ಬಿಡಿ: ಸಂಶೋಧನೆಯಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವುದು ಹೇಗೆ

ಪಿಎಚ್‌ಡಿಗೆ ಸೇರಿದ ಮೊದಲ ವರ್ಷ. ರಾಗಿ ಬೀಜ ಎಷ್ಟು ಮೊಳಕೆ ಒಡೆಯುತ್ತದೆ ಎಂದು ಎಣಿಸುವುದು ನನ್ನ ಕೆಲಸ. ಹತ್ತು ಪೆಟ್ರಿ ತಟ್ಟೆ, ಒಂದೊಂದರಲ್ಲೂ 25 ಬೀಜ. ಒಂಬತ್ತು ತಟ್ಟೆಗಳಲ್ಲಿ 21, 23, 22 ಹೀಗೆ ಬಂತು. ಏಳನೆಯದರಲ್ಲಿ ಮಾತ್ರ 9. ಏನೋ ಎಡವಟ್ಟಾಗಿದೆ ಅಂದುಕೊಂಡು ಅದನ್ನು ಬಿಟ್ಟು ಉಳಿದ ಒಂಬತ್ತನ್ನು ಎಕ್ಸೆಲ್‌ಗೆ ಹಾಕಿದೆ. ಪಕ್ಕದಲ್ಲಿದ್ದ ಸೀನಿಯರ್ ಅಕ್ಕ ನೋಡಿದರು. "ಏಳನೇದು ಎಲ್ಲಿ?" "ಅದು ಸರಿ ಬಂದಿಲ್ಲ ಅಕ್ಕ." "ಸರಿ ಬಂದಿಲ್ಲ ಅಂತ ನಿಂಗೆ ಹೇಗೆ ಗೊತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇರೆಯವುಗಳ ಹಾಗೆ ಇಲ್ಲ ಅನ್ನುವುದೊಂದೇ ಕಾರಣ. ಅಕ್ಕ ಆ ತಟ್ಟೆಯನ್ನೇ ತಂದು ಲೈಟಿಗೆ ಹಿಡಿದರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಒಂದು ಕಡೆ ಫಿಲ್ಟರ್ ಪೇಪರ್ ಒಣಗಿ ಸುರುಳಿ ಸುತ್ತಿಕೊಂಡಿತ್ತು. ಮೊಳಕೆ ಬಾರದ ಬೀಜವೆಲ್ಲ ಆ ಕಡೆಯೇ ಇತ್ತು. "ಇದನ್ನ ಬರಿ. ಬಿಡೋದಾದ್ರೆ ಬರೆದು ಬಿಡು" ಅಂದರು. ಅಷ್ಟೇ. ಇವತ್ತಿಗೂ ನನಗೆ ಗೊತ್ತಿರುವ ರಿಸರ್ಚ್ ಎಥಿಕ್ಸ್‌ನಲ್ಲಿ ಮುಕ್ಕಾಲು ಭಾಗ ಆ ಒಂದು ಮಾತಿನಲ್ಲಿದೆ.

2019ರ ಕೊನೆಯಲ್ಲಿ ಯುಜಿಸಿ (ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಕೇಂದ್ರದ ಆಯೋಗ) ಎಲ್ಲ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್ ಎಂಬ 2 ಕ್ರೆಡಿಟ್‌ನ ಕೋರ್ಸ್ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಕ್ಲಾಸಿನಲ್ಲಿ ಕೇಳಿದ್ದು ಬೆಂಚಿನ ಮುಂದೆ ಕೂತಾಗ ನೆನಪಿಗೆ ಬರುವುದು ಕಷ್ಟ. ಡೆಡ್‌ಲೈನ್ ತಲೆ ಮೇಲೆ ಕೂತಿರುತ್ತದೆ, ಗೈಡ್ ಗ್ರಾಫ್ ಕೇಳುತ್ತಿರುತ್ತಾರೆ, ಫೆಲೋಶಿಪ್ ದುಡ್ಡು ಬರದೆ ಆರು ತಿಂಗಳಾಗಿರುತ್ತದೆ. ಆ ಹೊತ್ತಿನಲ್ಲಿ ಕೂತು ಯೋಚಿಸಿ ಪ್ರಾಮಾಣಿಕರಾಗಲು ಯಾರಿಂದಲೂ ಆಗುವುದಿಲ್ಲ. ಮೊದಲೇ ಅಭ್ಯಾಸ ಆಗಿರಬೇಕು. ಆ ಅಭ್ಯಾಸಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಟ್‌ಬುಕ್. ಬೈಂಡ್ ಆದ ಪುಸ್ತಕ ತೆಗೆದುಕೊಳ್ಳಿ, ಬಿಡಿ ಹಾಳೆ ಬೇಡವೇ ಬೇಡ. ಮೊದಲ ದಿನವೇ ಕೂತು ಎಲ್ಲ ಪುಟಕ್ಕೂ ನಂಬರ್ ಹಾಕಿ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ವೈಟ್ನರ್ ಹಚ್ಚಬೇಡಿ, ಗೀಚಿ ಕಪ್ಪು ಮಾಡಬೇಡಿ. ಅಡ್ಡಕ್ಕೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಸಂಖ್ಯೆ ಓದಲು ಬರಬೇಕು. ಪಕ್ಕದಲ್ಲಿ ಕಾರಣ, ತಾರೀಖು, ಸಹಿ. ಕೆಲಸ ಮಾಡುವಾಗಲೇ ಬರೆಯಿರಿ. ಅಂಗೈ ಮೇಲೆ ಬರೆದುಕೊಂಡು ಸಂಜೆ ಹಾಸ್ಟೆಲ್‌ನಲ್ಲಿ ಕೂತು ಪುಸ್ತಕಕ್ಕೆ ಇಳಿಸಿದರೆ ಮನಸ್ಸು ತನಗೆ ಗೊತ್ತಿಲ್ಲದ ಹಾಗೆಯೇ ಸಂಖ್ಯೆಗಳನ್ನು ತಿದ್ದಿಬಿಡುತ್ತದೆ. ಮೋಸ ಮಾಡಬೇಕು ಅಂತ ಅಲ್ಲ, ನೆನಪು ಇರುವುದೇ ಹಾಗೆ. ಕರೆಂಟ್ ಹೋಗಿತ್ತಾ? ಬರೆಯಿರಿ. ಹೊಸ ಬಾಟಲಿ ಒಡೆದಿರಾ? ಅದರ ಬ್ಯಾಚ್ ನಂಬರ್ ಬರೆಯಿರಿ.

ಮೆಷಿನ್‌ನಿಂದ ಬಂದ ಫೈಲ್‌ಗೂ ಇದೇ ನಿಯಮ. ಮೂಲ ಫೈಲನ್ನು ಮುಟ್ಟಬೇಡಿ. ಒಂದು ಪ್ರತಿ ಮಾಡಿ, ಏನು ತಿದ್ದುವುದಿದ್ದರೂ ಪ್ರತಿಯಲ್ಲೇ ತಿದ್ದಿ. ಮೂಲವನ್ನು ಲ್ಯಾಬಿನ ಕಂಪ್ಯೂಟರ್, ಹಾರ್ಡ್ ಡಿಸ್ಕ್, ಸಂಸ್ಥೆಯ ಡ್ರೈವ್ ಹೀಗೆ ಮೂರು ಕಡೆ ಇಡಿ. ಫೈಲಿನ ಹೆಸರಿನಲ್ಲಿ ತಾರೀಖು ಇರಲಿ. "ಫೈನಲ್ ಫೈನಲ್ 2" ಅಂತ ಹೆಸರಿಟ್ಟರೆ ಎರಡು ವರ್ಷದ ಮೇಲೆ ನಿಮಗೇ ಗೊತ್ತಾಗುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಹೆಸರಾಂತ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಯಾನ್ ಹೆಂಡ್ರಿಕ್ ಶೋನ್ ಎಂಬ ಭೌತವಿಜ್ಞಾನಿ ಇದ್ದರು. ಸಾಲು ಸಾಲಾಗಿ ದೊಡ್ಡ ದೊಡ್ಡ ಪೇಪರ್‌ಗಳು, ನೊಬೆಲ್ ಬರಬಹುದು ಎಂಬ ಮಾತೂ ಇತ್ತು. ಬೇರೆ ಬೇರೆ ಪ್ರಯೋಗದ್ದು ಎಂದು ಅವರು ಹಾಕಿದ್ದ ಗ್ರಾಫ್‌ಗಳನ್ನು ಯಾರೋ ಒಂದರ ಮೇಲೊಂದು ಇಟ್ಟು ನೋಡಿದಾಗ ಏರಿಳಿತವಷ್ಟೇ ಅಲ್ಲ, ನಡುನಡುವಿನ ಸಣ್ಣ ಸಣ್ಣ ನಡುಕವೂ ಒಂದೇ ಆಗಿತ್ತು. ನಿಜವಾದ ಅಳತೆಯಲ್ಲಿ ಅದು ಸಾಧ್ಯವೇ ಇಲ್ಲ. 2002ರಲ್ಲಿ ವಿಚಾರಣಾ ಸಮಿತಿ ಮೂಲ ಡೇಟಾ ಕೇಳಿತು. ಲ್ಯಾಬ್ ನೋಟ್‌ಬುಕ್ ಸರಿಯಾಗಿ ಇಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಫೈಲ್‌ಗಳನ್ನು ಅಳಿಸಿದೆ ಎಂಬ ಉತ್ತರ ಬಂತು. ಸಮಿತಿ ನೋಡಿದ 24 ಆರೋಪಗಳಲ್ಲಿ 16 ಸಾಬೀತಾದವು. ಇಲ್ಲಿ ನನಗೆ ಕಾಡುವುದು ಬೇರೆ ವಿಷಯ. ಅಷ್ಟು ವರ್ಷ, ಅಷ್ಟು ಜನ ಸಹಲೇಖಕರು, ಆದರೂ ಒಬ್ಬರೂ "ಮೂಲ ಫೈಲ್ ತೋರಿಸು" ಎಂದು ಪಟ್ಟು ಹಿಡಿದು ಕೂರಲಿಲ್ಲ.

ಎರಡನೇ ಅಭ್ಯಾಸ. ಪ್ರಯೋಗ ಶುರು ಮಾಡುವ ಮುಂಚೆ ನೋಟ್‌ಬುಕ್‌ನಲ್ಲಿ ಒಂದು ಪುಟ ಬರೆಯಿರಿ. ಎಷ್ಟು ಸ್ಯಾಂಪಲ್ ತೆಗೆದುಕೊಳ್ಳುತ್ತೀರಿ, ಯಾವುದನ್ನು ಯಾವ ಕಾರಣಕ್ಕೆ ಬಿಡುತ್ತೀರಿ (ತಟ್ಟೆ ಒಣಗಿದರೆ, ಬೂಷ್ಟು ಹಿಡಿದರೆ), ಕೊನೆಗೆ ಯಾವ ಲೆಕ್ಕ ಹಾಕುತ್ತೀರಿ. ಇದು ಇಲ್ಲದೆ ಹೋದರೆ ಏನಾಗುತ್ತದೆ ಗೊತ್ತಾ? ಪಿ ವ್ಯಾಲ್ಯೂ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ, ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇದ್ದರೆ ಒಪ್ಪುತ್ತಾರೆ) 0.06 ಬರುತ್ತದೆ. ಇನ್ನೈದು ಸ್ಯಾಂಪಲ್ ಹಾಕೋಣ ಅನ್ನಿಸುತ್ತದೆ. ಹಾಕಿದ ಮೇಲೆ 0.04 ಬಂದರೆ ಅಲ್ಲಿಗೇ ನಿಲ್ಲಿಸುತ್ತೇವೆ, 0.08 ಬಂದರೆ ಮತ್ತೈದು. ಯಾರೂ ಸುಳ್ಳು ಸಂಖ್ಯೆ ಬರೆದಿಲ್ಲ, ಆದರೂ ಉತ್ತರ ಸುಳ್ಳು. ಹಾಗೆಯೇ ಬೀಜದ ತೂಕ, ಎಲೆಯ ಉದ್ದ, ಬೇರಿನ ಉದ್ದ ಅಂತ 20 ವಿಷಯ ಹೋಲಿಸಿ ನೋಡಿದರೆ, ಏನೂ ವ್ಯತ್ಯಾಸ ಇಲ್ಲದಿದ್ದರೂ 0.05ರ ಗೆರೆ ಸರಾಸರಿ ಒಂದು ಕಡೆ ಸುಮ್ನೆ ದಾಟುತ್ತದೆ. ಆ ಒಂದನ್ನೇ ಪೇಪರ್ ಮಾಡಿ ಉಳಿದ 19ರ ಬಗ್ಗೆ ಬಾಯಿ ಬಿಡದಿದ್ದರೆ ಓದುವವರಿಗೆ ಅದು ಮೋಸವೇ. ಇಪ್ಪತ್ತೂ ನೋಡಿದ್ದೇವೆ ಎಂದು ಬರೆಯಿರಿ. ಅದರಿಂದ ಪೇಪರ್ ಕೆಡುವುದಿಲ್ಲ.

ಚಿತ್ರಗಳ ವಿಷಯ ಬೇಗ ಹೇಳುತ್ತೇನೆ. ಪೇಪರ್‌ಗಳ ಚಿತ್ರಗಳಲ್ಲಿ ತಪ್ಪು ಹುಡುಕುವ ವಿಜ್ಞಾನಿ ಎಲಿಸಬೆತ್ ಬಿಕ್ ಮತ್ತು ಅವರ ಜೊತೆಗಾರರು 20,621 ಜೀವವಿಜ್ಞಾನ ಪೇಪರ್‌ಗಳ ಚಿತ್ರಗಳನ್ನು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. 3.8 ಶೇಕಡಾ ಪೇಪರ್‌ಗಳಲ್ಲಿ ಒಂದೇ ಚಿತ್ರವನ್ನು ಎರಡು ಕಡೆ ಬಳಸಿದ ತೊಂದರೆ ಇತ್ತು. ಅದರಲ್ಲಿ ಬೇಕೆಂದೇ ಮಾಡಿದ್ದೂ ಇರಬಹುದು, ಫೋಲ್ಡರ್ ಕಲಸಿಹೋಗಿ ಆದದ್ದೂ ಇರಬಹುದು. ಎರಡನೆಯದನ್ನು ತಡೆಯುವುದು ನಿಮ್ಮ ಕೈಯಲ್ಲಿದೆ. ಒಂದೊಂದು ಚಿತ್ರದ ಪಕ್ಕ ಅದರ ಮೂಲ ಫೈಲಿನ ಹೆಸರು, ನೋಟ್‌ಬುಕ್ ಪುಟ ಬರೆದ ಒಂದು ಪಟ್ಟಿ ಮಾಡಿ. ಬ್ರೈಟ್‌ನೆಸ್ ಏರಿಸುವುದಾದರೆ ಇಡೀ ಚಿತ್ರಕ್ಕೆ ಏರಿಸಿ, ಬೇಕಾದ ಮೂಲೆಗೆ ಮಾತ್ರ ಅಲ್ಲ.

ಈಗ ಪೇಪರ್‌ಗೆ ಲೇಖಕರ ಹೆಸರು ಹಾಕುವ ವಿಷಯ. ನಮ್ಮಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕಾರಣ ದುರಾಸೆ ಅಲ್ಲ, ದಾಕ್ಷಿಣ್ಯ. ಡಿಪಾರ್ಟ್‌ಮೆಂಟ್ ಮುಖ್ಯಸ್ಥರ ಹೆಸರು ಹಾಕದಿದ್ದರೆ ಬೇಜಾರಾಗುತ್ತಾರೆ, ಗೆಳೆಯನಿಗೆ ಪ್ರಮೋಷನ್‌ಗೆ ಒಂದು ಪೇಪರ್ ಬೇಕು, ಅವನು ಮುಂದೆ ನನ್ನ ಹೆಸರು ಹಾಕುತ್ತಾನೆ. ಹೀಗೆ ಕೊಟ್ಟ ಹೆಸರು ಏನು ಮಾಡಬಲ್ಲದು ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಎರಡು ದಶಕಕ್ಕೂ ಹೆಚ್ಚು ಕಾಲ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ನೂರಾರು ಪೇಪರ್ ಬರೆದರು. ದೇಶ ವಿದೇಶದ ತಜ್ಞರಿಗೆ ಪಳೆಯುಳಿಕೆ ಕಳಿಸುತ್ತಿದ್ದರು. ಆ ತಜ್ಞರು ಇದು ಇಂಥ ಜೀವಿ ಎಂದು ಗುರುತಿಸಿ ಸಹಲೇಖಕರಾಗುತ್ತಿದ್ದರು. ಸಿಕ್ಕಿದ್ದು ಎಲ್ಲಿ ಅನ್ನುವುದನ್ನು ಮಾತ್ರ ಗುಪ್ತಾ ಹೇಳಿದ ಹಾಗೆ ನಂಬುತ್ತಿದ್ದರು. 1989ರಲ್ಲಿ ಆಸ್ಟ್ರೇಲಿಯಾದ ಪಳೆಯುಳಿಕೆ ತಜ್ಞ ಜಾನ್ ಟ್ಯಾಲೆಂಟ್ ನೇಚರ್ ಪತ್ರಿಕೆಯಲ್ಲಿ ವಿಷಯ ಬಯಲಿಗೆ ತಂದರು. ಹಿಮಾಲಯದ್ದು ಎಂದ ಕೆಲವು ಪಳೆಯುಳಿಕೆಗಳು ಮೊರಾಕೊದಿಂದ ಬಂದು ಅಂಗಡಿಗಳಲ್ಲಿ ಮಾರಾಟಕ್ಕೆ ಸಿಗುವಂಥವು, ಇನ್ನು ಕೆಲವು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳದ ಬಳಿ ಸಿಗುವ ಪಳೆಯುಳಿಕೆಗಳ ಪಡಿಯಚ್ಚಿನಂತಿದ್ದವು. ಆಮೇಲೆ ಹಿಮಾಲಯದ ಭೂವಿಜ್ಞಾನದಲ್ಲಿ ಕೆಲಸ ಮಾಡುವವರು ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಹಳೆಯ ಪೇಪರ್‌ಗಳನ್ನೆಲ್ಲ ಜಾಲಾಡಬೇಕಾಯಿತು. ಸಹಲೇಖಕರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ. ಕಲ್ಲು ಸಿಕ್ಕಿದ ಜಾಗಕ್ಕೆ ಒಮ್ಮೆ ಹೋಗಿ ನೋಡಲಿಲ್ಲ, ಅಷ್ಟೇ.

ಹಾಗಾಗಿ ಪೇಪರ್ ಬರೆಯಲು ಕೂರುವ ಮುಂಚೆಯೇ, ಸಾಧ್ಯವಾದರೆ ಪ್ರಯೋಗ ಶುರುವಾಗುವ ಮುಂಚೆಯೇ, ಯಾರು ಏನು ಮಾಡುತ್ತಾರೆ, ಯಾರ ಹೆಸರು ಎಲ್ಲಿ ಬರುತ್ತದೆ ಎಂದು ಮಾತಾಡಿ ಒಂದು ಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿಯ ನಿಯಮ ಸರಳವಾಗಿದೆ: ಕೆಲಸದಲ್ಲಿ ನಿಜವಾದ ಪಾಲು ಇರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿ ಓದಿ ಒಪ್ಪಿರಬೇಕು, ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡಲು ಸಿದ್ಧರಿರಬೇಕು. ನಾಲ್ಕೂ ಇರಬೇಕು, ಒಂದಿದ್ದರೆ ಸಾಲದು. ಮೆಷಿನ್ ಬಳಸಲು ಬಿಟ್ಟವರಿಗೆ, ದುಡ್ಡು ತಂದುಕೊಟ್ಟವರಿಗೆ ಕೊನೆಯಲ್ಲಿ ಕೃತಜ್ಞತೆ ಹೇಳಿ. "ಸರ್, ಜರ್ನಲ್‌ನವರು ಪ್ರತಿಯೊಬ್ಬರ ಪಾಲು ಬರೆದು ಕೊಡಿ ಅಂತ ಕೇಳಿದ್ದಾರೆ, ನಿಮ್ಮದು ಏನಂತ ಬರೆಯಲಿ?" ಈ ಪ್ರಶ್ನೆಯನ್ನು ವಿನಯವಾಗಿಯೇ ಕೇಳಬಹುದು. ಕೆಲವರು ತಾವಾಗಿಯೇ ನನ್ನ ಹೆಸರು ಬೇಡಪ್ಪ ಅನ್ನುತ್ತಾರೆ. ಇನ್ನು ಕೆಲವರು ಕೂತು ಡ್ರಾಫ್ಟ್ ಓದಿ ನಿಜವಾಗಿಯೂ ತಿದ್ದಿಕೊಡುತ್ತಾರೆ.

ಕಾಪಿ ವಿಷಯಕ್ಕೆ ಬಂದರೆ ಎಲ್ಲರೂ ಪರ್ಸೆಂಟ್ ಮಾತಾಡುತ್ತಾರೆ. ಯುಜಿಸಿಯ 2018ರ ನಿಯಮದಲ್ಲಿ ಥೀಸಿಸ್ ಬೇರೆಯವರ ಬರಹಕ್ಕೆ 10 ಶೇಕಡಾವರೆಗೆ ಹೋಲುತ್ತಿದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಇದರಿಂದ ಒಂದು ಕೆಟ್ಟ ಚಟ ಹುಟ್ಟಿಕೊಂಡಿದೆ. ಸಾಫ್ಟ್‌ವೇರ್‌ಗೆ ಸಿಗದ ಹಾಗೆ ಪದ ಬದಲಿಸುವುದು. ದಯವಿಟ್ಟು ಬೇಡ. ಬೇರೆಯವರ ವಿಚಾರ ತೆಗೆದುಕೊಂಡು ಅವರ ಹೆಸರು ಹೇಳದಿದ್ದರೆ ಸಾಫ್ಟ್‌ವೇರ್ ಸೊನ್ನೆ ತೋರಿಸಿದರೂ ಅದು ಕಳವೇ. ನನ್ನ ದಾರಿ ಹೀಗೆ: ಪೇಪರ್ ಓದಿ ಮುಚ್ಚಿಡುತ್ತೇನೆ, ಅರ್ಥವಾದದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತೇನೆ, ಪಕ್ಕದಲ್ಲೇ ಯಾರ ಪೇಪರ್ ಎಂದು ಗುರುತು ಹಾಕುತ್ತೇನೆ, ಆಮೇಲೆ ಆ ನಾಲ್ಕು ಸಾಲಿನಿಂದ ಇಂಗ್ಲಿಷ್‌ನಲ್ಲಿ ಬರೆಯುತ್ತೇನೆ. ಮೂಲದ ವಾಕ್ಯ ಕಣ್ಣೆದುರು ಇರುವುದಿಲ್ಲ, ಆದ್ದರಿಂದ ಕೈಗೂ ಬರುವುದಿಲ್ಲ. ಚಾಟ್‌ಜಿಪಿಟಿಯಂಥವನ್ನು ಭಾಷೆ ತಿದ್ದಲು ಬಳಸಿದರೆ ಬಳಸಿದ್ದೇನೆ ಎಂದು ಹೇಳಿ. ಅದು ಕೊಟ್ಟ ಉಲ್ಲೇಖಗಳನ್ನು ಮಾತ್ರ ಒಂದೊಂದಾಗಿ ತೆರೆದು ನೋಡದೆ ಹಾಕಬೇಡಿ. ಇಲ್ಲದ ಪೇಪರ್‌ಗಳ ಹೆಸರನ್ನು ಅದು ಇದ್ದ ಹಾಗೆಯೇ ಬರೆದುಕೊಡುತ್ತದೆ.

ಜರ್ನಲ್ ಆರಿಸುವಾಗಲೂ ಎಚ್ಚರ ಬೇಕು. ವಾಟ್ಸಾಪ್‌ನಲ್ಲಿ "ಏಳು ದಿನದಲ್ಲಿ ಪ್ರಕಟಣೆ" ಎಂದು ಬರುವುದನ್ನು ಅಲ್ಲೇ ಬಿಟ್ಟುಬಿಡಿ. ಹೈದರಾಬಾದ್ ಮೂಲದ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆ ಲೇಖಕರನ್ನು ದಾರಿ ತಪ್ಪಿಸಿದೆ ಎಂದು 2019ರಲ್ಲಿ ಅಮೆರಿಕದ ಕೋರ್ಟ್ 5 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು ಹೇಳಿತು. ಒಪ್ಪಬಹುದಾದ ಜರ್ನಲ್‌ಗಳ ಹೆಸರಿದ್ದ ಯುಜಿಸಿಯ ಕೇರ್ ಪಟ್ಟಿ 2025ರಲ್ಲಿ ನಿಂತುಹೋಯಿತು, ಆದ್ದರಿಂದ ಈಗ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮದು, ನಿಮ್ಮ ಸಂಸ್ಥೆಯದು. ಆ ಜರ್ನಲ್‌ನ ನಾಲ್ಕು ಪೇಪರ್ ಕೂತು ಓದಿ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರಿಗೆ ಮೇಲ್ ಮಾಡಿ, ನೀವು ನಿಜವಾಗಿಯೂ ಇದರಲ್ಲಿ ಇದ್ದೀರಾ ಎಂದು ಕೇಳಿ. 2022ರ ನಿಯಮದಿಂದ ಪಿಎಚ್‌ಡಿಗೆ ಮುಂಚೆ ಪೇಪರ್ ಪ್ರಕಟವಾಗಲೇಬೇಕು ಎಂಬ ಯುಜಿಸಿಯ ಕಡ್ಡಾಯ ಹೋಗಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ಎಂದು ಕೇಳಿ ತಿಳಿದುಕೊಳ್ಳಿ, ಇಲ್ಲದ ಒತ್ತಡಕ್ಕೆ ದುಡ್ಡು ಕಟ್ಟಬೇಡಿ.

ಮನುಷ್ಯರ ಮೇಲೆ ನಡೆಯುವ ಅಧ್ಯಯನದ ಬಗ್ಗೆ ಒಂದು ಘಟನೆ ಹೇಳಬೇಕು. ಗೆಳತಿಯೊಬ್ಬಳ ಜೊತೆ ಹಳ್ಳಿಯೊಂದಕ್ಕೆ ಹೋಗಿದ್ದೆ. ರಕ್ತಹೀನತೆಯ ಅಧ್ಯಯನ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಎಲ್ಲ ಇತ್ತು, ಕನ್ನಡದಲ್ಲೇ ಒಪ್ಪಿಗೆ ಪತ್ರ ಇತ್ತು. ಒಬ್ಬ ಅಜ್ಜಿ ಇಂಕ್ ಪ್ಯಾಡ್ ನೋಡಿದ ಕೂಡಲೇ ಹೆಬ್ಬೆಟ್ಟು ಮುಂದೆ ಮಾಡಿದರು. ಗೆಳತಿ ಪ್ಯಾಡ್ ಪಕ್ಕಕ್ಕಿಟ್ಟಳು. "ಅಜ್ಜಿ, ಮೊದಲು ಕೇಳಿ. ಒಂದು ಟೀ ಚಮಚದಷ್ಟು ರಕ್ತ ತಗೋತೀವಿ. ಬೇಡ ಅಂದ್ರೂ ಪರವಾಗಿಲ್ಲ" ಅಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಬೇಡ ಅಂದ್ರೆ ಆಸ್ಪತ್ರೇಲಿ ಬಿಪಿ ಮಾತ್ರೆ ಕೊಡೋದು ನಿಲ್ಲಿಸ್ತಾರಾ?" ಅವರು ಅಷ್ಟು ಹೊತ್ತು ಒಪ್ಪಿದ್ದು ಆ ಹೆದರಿಕೆಯಿಂದ. ಮಾತ್ರೆಗೂ ಇದಕ್ಕೂ ಸಂಬಂಧ ಇಲ್ಲ ಎಂದು ಗೊತ್ತಾದ ಮೇಲೆ ಅಜ್ಜಿ "ಹಂಗಾದ್ರೆ ಬೇಡ ಮಗಾ, ಸೂಜಿ ಕಂಡ್ರೆ ಆಗಲ್ಲ" ಅಂದರು. ಒಂದು ಸ್ಯಾಂಪಲ್ ಕಡಿಮೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಸ್ವಂತ ಇಚ್ಛೆಯ ಒಪ್ಪಿಗೆ ಎಂದು ಬರೆದಿರುವುದು ಇದನ್ನೇ. ಓದಿ ಹೇಳಿದ ಮೇಲೆ "ನಿಮಗೆ ಏನರ್ಥ ಆಯ್ತು, ಹೇಳಿ" ಎಂದು ಅವರ ಬಾಯಿಂದಲೇ ಕೇಳಿ. ಅಲ್ಲಿಯವರೆಗೆ ಇಂಕ್ ಪ್ಯಾಡ್ ಚೀಲದಲ್ಲಿರಲಿ.

ಗೈಡ್ ಆಗಿರುವವರಿಗೂ ಒಂದು ಮಾತು. ವಿದ್ಯಾರ್ಥಿ ಒಳ್ಳೆಯ ರಿಸಲ್ಟ್ ತಂದಾಗಲೂ ಕೆಟ್ಟದ್ದು ತಂದಾಗಲೂ ಮೊದಲ ಮಾತು ಒಂದೇ ಆಗಿರಲಿ: "ನೋಟ್‌ಬುಕ್ ತಾ, ಕೂತು ನೋಡೋಣ." ಒಳ್ಳೆಯದಕ್ಕೆ ಶಭಾಷ್, ಕೆಟ್ಟದ್ದಕ್ಕೆ ಬೈಗುಳ ಅಂತಾದರೆ ಹುಡುಗರು ನಿಮಗೆ ಬೇಕಾದದ್ದನ್ನೇ ತರಲು ಕಲಿಯುತ್ತಾರೆ.

ಬೇರೆಯವರ ಕೆಲಸದಲ್ಲಿ ಅನುಮಾನ ಬಂದರೆ ಮೊದಲು ಅವರನ್ನೇ ಕೇಳಿ. ಆರೋಪದ ದನಿ ಬೇಡ, "ಈ ಎರಡು ಚಿತ್ರ ಒಂದೇ ಥರ ಕಾಣ್ತಿವೆ, ಮೂಲ ಫೈಲ್ ನೋಡಬಹುದಾ?" ಅಂದರೆ ಸಾಕು. ಉತ್ತರ ಸಿಗದಿದ್ದರೆ ತಾರೀಖು, ಪುಟ, ಕಂಡದ್ದು ಇಷ್ಟನ್ನೇ ಬರೆದು ಇಂಥ ದೂರು ನೋಡುವ ಸಂಸ್ಥೆಯ ಇಂಟೆಗ್ರಿಟಿ ಸಮಿತಿಗೆ ಕೊಡಿ. ಪ್ರತಿ ನಿಮ್ಮ ಹತ್ತಿರ ಇರಲಿ, ಕ್ಯಾಂಟೀನ್‌ನಲ್ಲಿ ಮಾತು ಬೇಡ.

ತಪ್ಪು ನಿಮ್ಮದೇ ಪೇಪರ್‌ನಲ್ಲಿ ಸಿಕ್ಕರೆ? 2018ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ 2020ರ ಜನವರಿಯಲ್ಲಿ ತಮ್ಮ ಗುಂಪಿನ ಒಂದು ಪೇಪರನ್ನು ವಾಪಸ್ ಪಡೆದರು. ಪ್ರಯೋಗ ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ನೋಟ್‌ಬುಕ್ ತೆಗೆದು ನೋಡಿದರೆ ಮುಖ್ಯ ಪ್ರಯೋಗಗಳಿಗೆ ಆಯಾ ದಿನದ ದಾಖಲೆ, ಮೂಲ ಡೇಟಾ ಇರಲಿಲ್ಲ. ಅವರು ಎಲ್ಲರಿಗೂ ಕಾಣುವ ಹಾಗೆ ಟ್ವಿಟರ್‌ನಲ್ಲಿ ಕ್ಷಮೆ ಕೇಳಿದರು, ಪೇಪರ್ ಕಳಿಸುವಾಗ ಬ್ಯುಸಿ ಇದ್ದೆ, ನನ್ನ ಕೆಲಸ ಸರಿಯಾಗಿ ಮಾಡಲಿಲ್ಲ ಎಂದು ಬರೆದರು. ನೀವೂ ಸಹಲೇಖಕರಿಗೆ ಅವತ್ತೇ ಹೇಳಿ, ಆಮೇಲೆ ಸಂಪಾದಕರಿಗೆ ಮೇಲ್ ಬರೆಯಿರಿ. ಯಾವ ಚಿತ್ರ, ಯಾವ ಟೇಬಲ್, ತಪ್ಪು ಹೇಗಾಯಿತು, ಸರಿಯಾದ ಸಂಖ್ಯೆ ಯಾವುದು, ಅದರಿಂದ ಪೇಪರ್‌ನ ಮುಖ್ಯ ಮಾತು ಬದಲಾಗುತ್ತದಾ ಇಲ್ಲವಾ. ನಾಲ್ಕೈದು ಸಾಲು ಸಾಕು, ನೋಟ್‌ಬುಕ್‌ನ ಆ ಪುಟದ ಫೋಟೋ ಜೊತೆಗಿರಲಿ.